ಸೇವಾ ಬಾಂಡ್‌ನ ಕಾರಣಕ್ಕೆ ನೌಕರರ ಮೂಲ ದಾಖಲೆಗಳನ್ನು ತಡೆಹಿಡಿಯುವುದು: ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಉದ್ಯೋಗಿಗಳಿಗೆ ಮಾಹಿತಿ

1. ಪೀಠಿಕೆ

ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟ ನಂತರ ಕೋಲಾರ ಚಿನ್ನದ ಗಣಿ ಪ್ರದೇಶದ ಕುಟುಂಬಗಳ ಜೀವನೋಪಾಯವು ಬಹುಮಟ್ಟಿಗೆ ಹೊರಗಿನ ಉದ್ಯೋಗವನ್ನು ಅವಲಂಬಿಸಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ಮತ್ತು ಕೋರಮಂಡಲ್ ನಿಲ್ದಾಣಗಳಿಂದ ಬಂಗಾರಪೇಟೆಯ ಮೂಲಕ ಪ್ರತಿದಿನ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ನೌಕರರ ಸಂಖ್ಯೆ ದೊಡ್ಡದು. ಮಾಲೂರು, ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಿಗೂ ಇಲ್ಲಿಂದ ಜನ ಕೆಲಸಕ್ಕೆ ಹೋಗುತ್ತಾರೆ.

ಮೊದಲ ಕೆಲಸಕ್ಕೆ ಸೇರುವಾಗ ಕೆಲವು ಸಂಸ್ಥೆಗಳು ಹಾಗೂ ಗುತ್ತಿಗೆದಾರರು ಅಭ್ಯರ್ಥಿಯಿಂದ ನಿಗದಿತ ಅವಧಿಯವರೆಗೆ ಕೆಲಸ ಬಿಡುವುದಿಲ್ಲವೆಂಬ ಬಾಂಡ್ ಬರೆಸಿಕೊಳ್ಳುತ್ತಾರೆ. ಅದರ ಭದ್ರತೆಗೆಂದು ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಐ.ಟಿ.ಐ. ಪ್ರಮಾಣಪತ್ರ, ಕೆಲವೊಮ್ಮೆ ಪಾಸ್‌ಪೋರ್ಟ್‌ನ್ನೂ ಮೂಲದಲ್ಲಿಯೇ ಪಡೆದಿಟ್ಟುಕೊಳ್ಳುವುದುಂಟು. ನೌಕರರು ಬೇರೆ ಕೆಲಸಕ್ಕೆ ಆಯ್ಕೆಯಾದಾಗ, ಸರ್ಕಾರಿ ನೇಮಕಾತಿಯಲ್ಲಿ ದಾಖಲಾತಿ ಪರಿಶೀಲನೆಗೆ ಕರೆ ಬಂದಾಗ ಅಥವಾ ಉನ್ನತ ವ್ಯಾಸಂಗಕ್ಕೆ ಸೇರುವಾಗ ಈ ದಾಖಲೆಗಳು ಕೈಯಲ್ಲಿ ಇಲ್ಲದಿದ್ದರೆ ಅವಕಾಶವೇ ಕೈತಪ್ಪುವ ಸಂಭವವಿರುತ್ತದೆ. ಈ ಸಂಬಂಧ ಕಾನೂನಿನ ಸ್ಥಿತಿಯನ್ನೂ, ದಾಖಲೆಗಳನ್ನು ಮರಳಿ ಪಡೆಯುವ ಕ್ರಮವನ್ನೂ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

2. ಮುಖ್ಯವಾಗಿ ಗಮನಿಸಬೇಕಾದ ಅಂಶ

ಬಾಂಡ್ ಬೇರೆ, ದಾಖಲೆ ಬೇರೆ. ಬಾಂಡ್ ಎಂಬುದು ನೌಕರ ಮತ್ತು ಮಾಲೀಕರ ನಡುವಣ ಕರಾರು. ಅದನ್ನು ಮುರಿದಲ್ಲಿ ಉದ್ಭವಿಸುವುದು ಹಣದ ಹೊಣೆ ಮಾತ್ರ. ಆ ಹಣ ಎಷ್ಟು ಎಂಬುದನ್ನು ಉಭಯತ್ರರು ಒಪ್ಪಂದದಿಂದ ಅಥವಾ ನ್ಯಾಯಾಲಯದ ಮೂಲಕ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಅಂಕಪಟ್ಟಿಯಾಗಲಿ ಪದವಿ ಪ್ರಮಾಣಪತ್ರವಾಗಲಿ ಯಾರ ಹೆಸರಿನಲ್ಲಿ ನೀಡಲಾಗಿದೆಯೋ ಅವರ ಸ್ವತ್ತು. ಆದ್ದರಿಂದ ಬಾಂಡ್‌ನ ಮೊತ್ತ ಬಾಕಿ ಇದೆ ಎಂದು ಮಾಲೀಕರು ಹೇಳಿದರೂ, ದಾಖಲೆ ಹಿಂದಿರುಗಿಸಲು ನಿರಾಕರಿಸುವುದಕ್ಕೆ ಅದು ಕಾರಣವಾಗುವುದಿಲ್ಲ. ಅದೇ ರೀತಿ, ದಾಖಲೆ ಹಿಂದಿರುಗಿದ ಮಾತ್ರಕ್ಕೆ ನೌಕರರ ಹಣದ ಹೊಣೆ ತಾನಾಗಿ ತೀರಿಹೋಗುವುದೂ ಇಲ್ಲ.

3. ಬಾಂಡ್ ಎಷ್ಟರಮಟ್ಟಿಗೆ ಊರ್ಜಿತ?

ಬಾಂಡ್‌ಗಳೆಲ್ಲವೂ ಅನೂರ್ಜಿತ ಎಂಬ ಭಾವನೆ ಸರಿಯಲ್ಲ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಮೇ 14ರಂದು ನೀಡಿದ ತೀರ್ಪು ಈ ವಿಷಯದಲ್ಲಿ ಮುಖ್ಯವಾದುದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದು, 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡ ಸದರಿ ಬ್ಯಾಂಕ್, ನೇಮಕವಾದ ಅಧಿಕಾರಿ ಕನಿಷ್ಠ 3 ವರ್ಷ ಸೇವೆ ಸಲ್ಲಿಸಬೇಕು, ತಪ್ಪಿದಲ್ಲಿ 2 ಲಕ್ಷ ರೂಪಾಯಿ ನೀಡಬೇಕು ಎಂಬ ಷರತ್ತು ವಿಧಿಸಿತ್ತು. 2007ರಲ್ಲಿ ಸೇರಿ 2009ರಲ್ಲಿ ರಾಜೀನಾಮೆ ನೀಡಿದ ಅಧಿಕಾರಿಯೊಬ್ಬರು ಆಕ್ಷೇಪಣೆಯೊಂದಿಗೆ ಆ ಹಣ ಪಾವತಿಸಿ, ಷರತ್ತನ್ನು ಪ್ರಶ್ನಿಸಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ನೀಡಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ಸೇವೆಯಲ್ಲಿರುವ ಅವಧಿಗೆ ಮಾತ್ರ ಅನ್ವಯಿಸುವ ಇಂತಹ ಷರತ್ತು ಭಾರತೀಯ ಕರಾರು ಅಧಿನಿಯಮ, 1872ರ 27ನೇ ಕಲಮಿಗೆ ವಿರುದ್ಧವಲ್ಲವೆಂದೂ, ಸಾರ್ವಜನಿಕ ವಲಯದ ಬ್ಯಾಂಕಿಗೆ ನೇಮಕಾತಿಯ ವೆಚ್ಚವಿರುವುದರಿಂದ ಆ ಹುದ್ದೆಗೆ ಆ ಮೊತ್ತ ಅತಿಯಾದುದಲ್ಲವೆಂದೂ ತೀರ್ಮಾನಿಸಿತು.

ಈ ತೀರ್ಪನ್ನು ಮುಂದಿಟ್ಟು ಕೆಲವರು ದಾಖಲೆ ಕೊಡಲು ನಿರಾಕರಿಸಬಹುದು. ಆದರೆ ಸದರಿ ಪ್ರಕರಣದಲ್ಲಿ ತೀರ್ಮಾನವಾದದ್ದು ಹಣದ ಷರತ್ತಿನ ಪ್ರಶ್ನೆಯೇ ಹೊರತು ದಾಖಲೆಗಳ ಪ್ರಶ್ನೆಯಲ್ಲ.

ಹಣದ ವಿಷಯದಲ್ಲಿಯೂ ಮಿತಿಯಿದೆ. ಕರಾರು ಅಧಿನಿಯಮದ 74ನೇ ಕಲಮಿನಂತೆ, ಕರಾರು ಮುರಿದಾಗ ದೊರೆಯಬಹುದಾದುದು ಕರಾರಿನಲ್ಲಿ ನಮೂದಿಸಿದ ಮೊತ್ತವನ್ನು ಮೀರದ ಯುಕ್ತ ಪರಿಹಾರ. ನಮೂದಿಸಿದ ಮೊತ್ತವು ಗರಿಷ್ಠ ಮಿತಿಯೇ ಹೊರತು ಎಲ್ಲ ಸಂದರ್ಭಗಳಲ್ಲಿಯೂ ಪೂರ್ತಿಯಾಗಿ ಸಲ್ಲುವ ಮೊತ್ತವಲ್ಲ. ತರಬೇತಿಗೆ ಮಾಡಿದ ನೈಜ ವೆಚ್ಚ, ನೇಮಕಾತಿಯ ವೆಚ್ಚ, ನೌಕರರ ವೇತನ ಮತ್ತು ಸಲ್ಲಿಸಿದ ಸೇವೆಯ ಅವಧಿ ಇವು ಪರಿಗಣನೆಗೆ ಬರುವ ಅಂಶಗಳು.

ಉದಾಹರಣೆ: 24 ತಿಂಗಳ ಬಾಂಡ್, ನಮೂದಿಸಿದ ಮೊತ್ತ 1,00,000 ರೂಪಾಯಿ, ತರಬೇತಿಯ ನೈಜ ವೆಚ್ಚ 36,000 ರೂಪಾಯಿ ಎಂದಿರಲಿ. ನೌಕರರು 18 ತಿಂಗಳು ಕೆಲಸ ಮಾಡಿ ಬಿಟ್ಟಲ್ಲಿ ಉಳಿದ ಅವಧಿ 6 ತಿಂಗಳು. ತರಬೇತಿ ವೆಚ್ಚವನ್ನು ಅವಧಿಗೆ ಹಂಚಿದರೆ ಉಳಿದ ಅವಧಿಯ ಪಾಲು 36,000 × 6 ÷ 24 = 9,000 ರೂಪಾಯಿ. ಇದು ಮಾತುಕತೆಗೆ ಅನುಕೂಲವಾಗುವ ಒಂದು ಲೆಕ್ಕ ಮಾತ್ರ. ನ್ಯಾಯಾಲಯವು ಇದೇ ಲೆಕ್ಕವನ್ನು ಅನುಸರಿಸಬೇಕೆಂದಿಲ್ಲ. ಆದರೂ 1,00,000 ರೂಪಾಯಿ ಕೇಳಿದಾಗ, ವೆಚ್ಚದ ವಿವರವನ್ನು ಲಿಖಿತವಾಗಿ ಕೊಡಿ ಎಂದು ಕೇಳಲು ನೌಕರರಿಗೆ ಆಧಾರವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಇದಲ್ಲದೆ, 18 ವರ್ಷ ತುಂಬದವರು ಮಾಡಿಕೊಂಡ ಕರಾರು ಅವರ ಮೇಲೆ ಬಂಧಕವಲ್ಲ. ಬೆದರಿಕೆ, ಅನುಚಿತ ಪ್ರಭಾವ ಅಥವಾ ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ನೌಕರರು ರದ್ದುಪಡಿಸಿಕೊಳ್ಳಬಹುದಾಗಿದೆ. ಛಾಪಾ ಕಾಗದದ ಮೇಲೆ ಬರೆದ ಮಾತ್ರಕ್ಕೆ ಅಕ್ರಮವಾದ ಷರತ್ತು ಸಕ್ರಮವಾಗುವುದಿಲ್ಲ. ನೌಕರರನ್ನು ಬಲವಂತವಾಗಿ ಅದೇ ಕೆಲಸದಲ್ಲಿ ಮುಂದುವರಿಸುವಂತೆ ನ್ಯಾಯಾಲಯಗಳು ಸಾಮಾನ್ಯವಾಗಿ ಆದೇಶಿಸುವುದಿಲ್ಲ.

4. ದಾಖಲೆಗಳನ್ನು ತಡೆಹಿಡಿಯಲು ಹಕ್ಕಿದೆಯೇ?

ಬಾಕಿ ತೀರುವವರೆಗೆ ಮತ್ತೊಬ್ಬರ ವಸ್ತುವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವ ಹಕ್ಕು ಯಾರಿಗಿದೆ ಎಂಬುದನ್ನು ಕರಾರು ಅಧಿನಿಯಮದ 170 ಮತ್ತು 171ನೇ ಕಲಮುಗಳು ಹೇಳುತ್ತವೆ. ತನಗೆ ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವರಿಗೆ ಆ ಕೂಲಿಯ ಮಟ್ಟಿಗೆ ಈ ಹಕ್ಕಿದೆ. ಬ್ಯಾಂಕುಗಳೇ ಮೊದಲಾದ ಕೆಲವು ವರ್ಗಗಳಿಗೂ ಇದೆ. ಆ ವರ್ಗಗಳ ಪಟ್ಟಿಯಲ್ಲಿ ಉದ್ಯೋಗ ನೀಡುವ ಮಾಲೀಕರ ಹೆಸರಿಲ್ಲ.

ವಕೀಲರು ತಮ್ಮ ಶುಲ್ಕದ ಬಾಕಿಗಾಗಿ ಕಕ್ಷಿದಾರರ ಕಡತಗಳನ್ನು ತಡೆಹಿಡಿಯಬಹುದೇ ಎಂಬ ಪ್ರಶ್ನೆ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ (2000) ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಮಾರಾಟ ಮಾಡಿ ಹಣವಾಗಿಸಬಹುದಾದ ಸರಕಿಗೆ ಮಾತ್ರ ಇಂತಹ ಹಕ್ಕು ಅನ್ವಯಿಸುತ್ತದೆ, ಕಡತಗಳು ಅಂತಹ ಸರಕಲ್ಲ ಎಂದು ನ್ಯಾಯಾಲಯ ತೀರ್ಪು ನೀಡಿತು. ಅಂಕಪಟ್ಟಿಯೂ ಮಾರಾಟದ ಸರಕಲ್ಲ. ಅದರ ಬೆಲೆ ಅದರಲ್ಲಿ ಹೆಸರಿರುವ ವ್ಯಕ್ತಿಗೆ ಮಾತ್ರ. ಈ ತತ್ವವನ್ನು ನೌಕರರು ತಮ್ಮ ಬೇಡಿಕೆಗೆ ಆಧಾರವಾಗಿ ಎತ್ತಬಹುದಾಗಿದೆ.

ಬಾಂಡ್‌ನಲ್ಲಿಯೇ “ಅವಧಿ ಮುಗಿಯುವವರೆಗೆ ಮೂಲ ದಾಖಲೆಗಳು ಸಂಸ್ಥೆಯ ವಶದಲ್ಲಿರತಕ್ಕದ್ದು” ಎಂದು ಬರೆದು ನೌಕರರ ಸಹಿ ಪಡೆದಿದ್ದಲ್ಲಿ, ಅಂತಹ ಷರತ್ತನ್ನು ಸಾರ್ವಜನಿಕ ನೀತಿಗೆ ವಿರುದ್ಧವೆಂಬ ಕಾರಣದ ಮೇಲೆ 23ನೇ ಕಲಮಿನಡಿ ಪ್ರಶ್ನಿಸಲು ಅವಕಾಶವಿದೆ. ಸಹಿ ಮಾಡಿದ್ದೇವೆ ಎಂಬ ಕಾರಣಕ್ಕೆ ನೌಕರರು ಸುಮ್ಮನಾಗಬೇಕಾಗಿಲ್ಲ.

ವಿದ್ಯಾಸಂಸ್ಥೆಗಳ ವಿಷಯದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯೂ ಪರಿಶೀಲನೆಯ ನಂತರ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಅದು ಕಾಲೇಜುಗಳಿಗೆ ಸಂಬಂಧಿಸಿದ್ದು, ಮಾಲೀಕರಿಗೆ ನೇರವಾಗಿ ಅನ್ವಯಿಸುವುದಿಲ್ಲ.

5. ಪಾಸ್‌ಪೋರ್ಟ್ ಮತ್ತು ಸಹಿ ಮಾಡಿದ ಚೆಕ್ಕುಗಳು

ಪಾಸ್‌ಪೋರ್ಟ್ ಅಧಿನಿಯಮ, 1967ರ 17ನೇ ಕಲಮಿನಂತೆ ಪಾಸ್‌ಪೋರ್ಟ್ ಸದಾ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕಿದೆ. ಸುರೇಶ್ ನಂದಾ ಪ್ರಕರಣದಲ್ಲಿ (2008) ಪೊಲೀಸರಿಗೂ ಈ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿರುವಾಗ, ಖಾಸಗಿ ಸಂಸ್ಥೆಗೆ ಅದು ಇರಲಾರದು.

ಕೆಲವೆಡೆ ದಾಖಲೆಗಳ ಜೊತೆಗೆ ಮೊತ್ತ ಬರೆಯದ, ಸಹಿ ಮಾಡಿದ ಚೆಕ್ಕುಗಳನ್ನೂ ಪಡೆಯಲಾಗುತ್ತದೆ. ಚೆಕ್ಕು ಅಮಾನ್ಯವಾದಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮ, 1881ರ 138ನೇ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಆದುದರಿಂದ ಚೆಕ್ಕಿನ ಸಂಖ್ಯೆಗಳನ್ನು ಬೇಡಿಕೆ ಪತ್ರದಲ್ಲಿ ನಮೂದಿಸಿ ಹಿಂದಕ್ಕೆ ಕೇಳಬೇಕು. 138ನೇ ಕಲಮಿನ ನೋಟಿಸು ಬಂದಲ್ಲಿ 15 ದಿನಗಳ ಕಾಲಾವಕಾಶ ಮಾತ್ರವಿರುವುದರಿಂದ, ಅದನ್ನು ಬದಿಗಿಡದೆ ಕೂಡಲೇ ವಕೀಲರನ್ನು ಕಾಣಬೇಕು.

6. ದಾಖಲೆಗಳನ್ನು ಮರಳಿ ಪಡೆಯುವ ಕ್ರಮ

ಮೊದಲನೆಯ ಹಂತ – ಲಿಖಿತ ಬೇಡಿಕೆ: ಬಾಯಿಮಾತಿನಲ್ಲಿ ಎಷ್ಟು ಬಾರಿ ಕೇಳಿದರೂ ಅದಕ್ಕೆ ಪುರಾವೆ ಉಳಿಯುವುದಿಲ್ಲ. ಆದ್ದರಿಂದ ಸಂಸ್ಥೆಯ ಮುಖ್ಯಸ್ಥರಿಗೆ ಅಥವಾ ಮಾನವ ಸಂಪನ್ಮೂಲ ವಿಭಾಗಕ್ಕೆ ಪತ್ರ ಬರೆದು, ಇ-ಮೇಲ್ ಹಾಗೂ ಅಂಚೆ ಎರಡರಲ್ಲಿಯೂ ಕಳುಹಿಸಬೇಕು. ನೋಂದಾಯಿತ ಅಂಚೆ ಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿರುವುದರಿಂದ, ಪತ್ರವನ್ನು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿ ಮತ್ತು ತಲುಪಿದ ಬಗ್ಗೆ ದಾಖಲೆಯನ್ನು ಇಟ್ಟುಕೊಳ್ಳಬೇಕು.

ಪತ್ರದಲ್ಲಿ ಇರಬೇಕಾದ ವಿವರಗಳು:
– ನೌಕರರ ಹೆಸರು, ಹುದ್ದೆ, ಸೇರಿದ ದಿನಾಂಕ, ರಾಜೀನಾಮೆ ನೀಡಿದ್ದಲ್ಲಿ ಆ ದಿನಾಂಕ
– ಒಪ್ಪಿಸಿದ ಪ್ರತಿಯೊಂದು ದಾಖಲೆಯ ಹೆಸರು, ನೋಂದಣಿ ಸಂಖ್ಯೆ ಮತ್ತು ವರ್ಷ
– ಯಾವ ದಿನ, ಯಾವ ಕಚೇರಿಯಲ್ಲಿ ಒಪ್ಪಿಸಲಾಯಿತು. ಸ್ವೀಕೃತಿ ಇದ್ದಲ್ಲಿ ಅದರ ಪ್ರತಿ
– ಹಿಂದಿರುಗಿಸಲು ಕಾಲಾವಕಾಶ (7 ಅಥವಾ 15 ದಿನ)
– ದಾಖಲೆ ತುರ್ತಾಗಿ ಬೇಕಾದ ಕಾರಣ, ಪರಿಶೀಲನೆಯ ದಿನಾಂಕ ಇತ್ಯಾದಿ
– “ಬಾಂಡ್‌ನ ಮೊತ್ತದ ಬಗ್ಗೆ ಇರುವ ವ್ಯವಹಾರವು ಪ್ರತ್ಯೇಕವಾದುದು, ವೆಚ್ಚದ ವಿವರ ನೀಡಿದಲ್ಲಿ ಅದಕ್ಕೆ ಉತ್ತರಿಸಲಾಗುವುದು” ಎಂಬ ವಾಕ್ಯ

ಈ ಪತ್ರಕ್ಕೆ ಕಾನೂನಿನ ಮಹತ್ವವೂ ಇದೆ. ಮತ್ತೊಬ್ಬರ ಬಳಿ ಇರಿಸಿದ ಚರ ಸ್ವತ್ತನ್ನು ಮರಳಿ ಪಡೆಯುವ ದಾವೆಗೆ ಕಾಲಪರಿಮಿತಿ ಅಧಿನಿಯಮ, 1963ರ 70ನೇ ಅನುಚ್ಛೇದದಂತೆ 3 ವರ್ಷ ಅವಧಿಯಿದ್ದು, ಬೇಡಿಕೆಯ ನಂತರ ನಿರಾಕರಿಸಿದ ದಿನದಿಂದ ಅದನ್ನು ಲೆಕ್ಕ ಹಾಕಲಾಗುತ್ತದೆ. ಬೇಡಿಕೆ ಮತ್ತು ನಿರಾಕರಣೆಯ ದಿನಾಂಕಗಳು ಕಾಗದದ ಮೇಲೆ ಇರುವುದು ಇದಕ್ಕಾಗಿ ಅಗತ್ಯ.

ಎರಡನೆಯ ಹಂತ – ಕಾನೂನು ಸೇವೆಗಳ ಸಮಿತಿ: ಉತ್ತರ ಬಾರದಿದ್ದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿ ಅನ್ವಯಿಸುತ್ತದೆ. ಮೊಕದ್ದಮೆ ಹೂಡುವ ಮೊದಲೇ ವಿವಾದವನ್ನು ಲೋಕ ಅದಾಲತ್‌ಗೆ ತಂದು ರಾಜಿ ಮಾಡಿಕೊಳ್ಳಲು ಅವಕಾಶವಿದೆ. ಅಲ್ಲಿ ಆಗುವ ರಾಜಿಗೆ ನ್ಯಾಯಾಲಯದ ಡಿಕ್ರಿಯ ಬೆಲೆಯಿದ್ದು, ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ದಾಖಲೆ ಮತ್ತು ಬಾಂಡ್ ಹಣ ಎರಡನ್ನೂ ಒಂದೇ ಬಾರಿಗೆ ಇತ್ಯರ್ಥಪಡಿಸಿಕೊಳ್ಳಲು ಇದು ಅನುಕೂಲಕರ ಮಾರ್ಗ. ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ: 15100.

ಮೂರನೆಯ ಹಂತ – ಕಾರ್ಮಿಕ ಇಲಾಖೆ: ದಾಖಲೆಗಳ ಜೊತೆಗೆ ವೇತನವನ್ನೂ ತಡೆಹಿಡಿದಿದ್ದಲ್ಲಿ ಕಾರ್ಮಿಕ ಅಧಿಕಾರಿಗಳಿಗೆ ದೂರು ಸಲ್ಲಿಸಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ, 2019ರ 17ನೇ ಕಲಮಿನಂತೆ, ರಾಜೀನಾಮೆ ನೀಡಿದ ಅಥವಾ ತೆಗೆದುಹಾಕಲ್ಪಟ್ಟ ನೌಕರರ ವೇತನವನ್ನು 2 ಕೆಲಸದ ದಿನಗಳೊಳಗೆ ಪಾವತಿಸತಕ್ಕದ್ದು. 18ನೇ ಕಲಮಿನಲ್ಲಿ ಹೇಳಿದ ಬಗೆಯ ಕಡಿತಗಳನ್ನು ಮಾತ್ರ ವೇತನದಿಂದ ಮಾಡಬಹುದು. ವೇತನದ ಬಗೆಗಿನ ಕ್ಲೇಮು ಅರ್ಜಿಗೆ 3 ವರ್ಷ ಅವಧಿಯಿದೆ. ದಾಖಲೆಗಳ ಬಗ್ಗೆ ಅಧಿಕಾರಿಗಳು ಉಭಯತ್ರರನ್ನು ಕರೆಸಿ ಇತ್ಯರ್ಥಕ್ಕೆ ಪ್ರಯತ್ನಿಸಬಹುದು. ಇತ್ಯರ್ಥವಾಗದಿದ್ದಲ್ಲಿ ಹಿಂದಿರುಗಿಸುವ ಆದೇಶವನ್ನು ಸಿವಿಲ್ ನ್ಯಾಯಾಲಯದಿಂದ ಪಡೆಯಬೇಕಾಗುತ್ತದೆ.

ನಾಲ್ಕನೆಯ ಹಂತ – ಸಿವಿಲ್ ದಾವೆ: ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 7 ಮತ್ತು 8ನೇ ಕಲಮುಗಳಡಿ ನಿರ್ದಿಷ್ಟ ಚರ ಸ್ವತ್ತನ್ನೇ ಮರಳಿ ಕೊಡಿಸುವಂತೆ ಕೋರಬಹುದು. ದಾಖಲಾತಿ ಪರಿಶೀಲನೆ ಅಥವಾ ಪ್ರವೇಶಾತಿಯ ದಿನಾಂಕ ಹತ್ತಿರವಿದ್ದಲ್ಲಿ, ಕರೆಪತ್ರದ ಪ್ರತಿಯೊಂದಿಗೆ ಮಧ್ಯಂತರ ಆದೇಶಕ್ಕೂ ಅರ್ಜಿ ಸಲ್ಲಿಸಬಹುದಾಗಿದೆ.

7. ಪೊಲೀಸ್ ದೂರು ಯಾವಾಗ?

ಬಾಂಡ್‌ನ ಹಣದ ವಿವಾದ ಸಿವಿಲ್ ಸ್ವರೂಪದ್ದು. ಹಿಂದಿರುಗಿಸುವುದರಲ್ಲಿ ಆಗುವ ಪ್ರತಿಯೊಂದು ವಿಳಂಬವೂ ಅಪರಾಧವಲ್ಲ. ಆದರೆ ನಂಬಿಕೆಯಿಂದ ಒಪ್ಪಿಸಿದ ದಾಖಲೆಗಳನ್ನು ಅಪ್ರಾಮಾಣಿಕ ಉದ್ದೇಶದಿಂದ ಇಟ್ಟುಕೊಂಡಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರ 316ನೇ ಕಲಂ (ನಂಬಿಕೆ ದ್ರೋಹ), ಬೆದರಿಸಿ ಹಣ ಕೇಳಿದಲ್ಲಿ 308ನೇ ಕಲಂ (ಸುಲಿಗೆ) ಅನ್ವಯವಾಗಬಹುದು. ದಾಖಲೆ ಕೊಡಲು ಹಣ ಕೇಳಿದ ಸಂದೇಶ ಅಥವಾ ಇ-ಮೇಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 173ನೇ ಕಲಮಿನಂತೆ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಘಟನೆ ನಡೆದ ಸ್ಥಳ ಯಾವುದೇ ಇದ್ದರೂ ಯಾವುದೇ ಠಾಣೆಯಲ್ಲಿ ನೀಡಬಹುದು. ಬೆಂಗಳೂರಿನಲ್ಲಿ ನಡೆದ ಸಂಗತಿಗೆ ರಾಬರ್ಟ್‌ಸನ್‌ಪೇಟೆ ಅಥವಾ ಬಂಗಾರಪೇಟೆ ಠಾಣೆಯಲ್ಲಿ ದೂರು ನೀಡಿದರೆ, ಅದನ್ನು ದಾಖಲಿಸಿಕೊಂಡು ಸಂಬಂಧಿಸಿದ ಠಾಣೆಗೆ ವರ್ಗಾಯಿಸಲಾಗುತ್ತದೆ. 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯುಳ್ಳ ಅಪರಾಧಗಳಲ್ಲಿ ಪ್ರಕರಣ ದಾಖಲಿಸುವ ಮುನ್ನ 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದಲ್ಲಿ ಅದರ ಸಾರಾಂಶವನ್ನು ಅಂಚೆಯ ಮೂಲಕ ಕೆ.ಜಿ.ಎಫ್. ಪೊಲೀಸ್ ಜಿಲ್ಲೆಯ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು.

ಮುಂಗಡ ಹಣ ನೀಡಿ, ದಾಖಲೆ ಇಟ್ಟುಕೊಂಡು, ಬೇರೆಡೆ ಕೆಲಸಕ್ಕೆ ಹೋಗದಂತೆ ತಡೆದಿರುವ ಸಂದರ್ಭಗಳಲ್ಲಿ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಅಧಿನಿಯಮ, 1976 ಅನ್ವಯವಾಗುವ ಸಾಧ್ಯತೆಯಿದ್ದು, ಜಿಲ್ಲಾಧಿಕಾರಿಗಳಿಗೆ ಅಥವಾ ತಹಶೀಲ್ದಾರರಿಗೆ ತಿಳಿಸಬೇಕು. ಗುರುತಿನ ದಾಖಲೆಗಳನ್ನು ಕಿತ್ತಿಟ್ಟುಕೊಳ್ಳುವುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಬಲವಂತದ ದುಡಿಮೆಗೆ ಪಟ್ಟಿ ಮಾಡಿರುವ 11 ಸೂಚಕಗಳಲ್ಲಿ ಒಂದಾಗಿದೆ.

8. ಯಾವ ಊರಿನ ಕಚೇರಿ?

ಕೆ.ಜಿ.ಎಫ್.ನಲ್ಲಿ ವಾಸ, ಬೆಂಗಳೂರಿನಲ್ಲಿ ಕೆಲಸ ಇರುವವರಿಗೆ ಈ ಪ್ರಶ್ನೆ ಸಾಮಾನ್ಯ. ಬೇರೆ ಬೇರೆ ಕಚೇರಿಗಳಿಗೆ ಬೇರೆ ಬೇರೆ ನಿಯಮವಿದೆ.

– ಕಾರ್ಮಿಕ ಅಧಿಕಾರಿ: ಕೆಲಸದ ಸ್ಥಳ ಯಾವ ವ್ಯಾಪ್ತಿಯಲ್ಲಿದೆಯೋ ಆ ಕಚೇರಿ. ಬೆಂಗಳೂರಿನ ಸಂಸ್ಥೆಯಾದರೆ ಬೆಂಗಳೂರಿನಲ್ಲಿ. ಮಾಲೂರು, ನರಸಾಪುರ ಅಥವಾ ಬಂಗಾರಪೇಟೆಯಾದರೆ ಕೋಲಾರ ಜಿಲ್ಲೆಯಲ್ಲಿ.
– ಸಿವಿಲ್ ದಾವೆ: ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ದಾಖಲೆ ತಡೆಹಿಡಿದ ಸ್ಥಳದಲ್ಲಿ ಅಥವಾ ಪ್ರತಿವಾದಿ ವ್ಯವಹಾರ ನಡೆಸುವ ಸ್ಥಳದಲ್ಲಿ. ದಾಖಲೆಗಳನ್ನು ಸ್ಥಳೀಯ ಗುತ್ತಿಗೆದಾರರೇ ಪಡೆದು ಇಟ್ಟುಕೊಂಡಿದ್ದಲ್ಲಿ ಸ್ಥಳೀಯ ನ್ಯಾಯಾಲಯದಲ್ಲಿ.
– ಪೊಲೀಸ್ ದೂರು: ಯಾವುದೇ ಠಾಣೆ.
– ಉಚಿತ ಕಾನೂನು ನೆರವು: ವಾಸದ ತಾಲ್ಲೂಕಿನಲ್ಲಿಯೇ ಅರ್ಜಿ ನೀಡಿ ಸಲಹೆ ಪಡೆಯಬಹುದು.

ಒಂದು ದಿನದ ಸಂಬಳ ಬಿಟ್ಟು ತಪ್ಪಾದ ಕಚೇರಿಗೆ ಅಲೆಯುವುದನ್ನು ತಪ್ಪಿಸಲು, ಮೊದಲು ವಾಸದ ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸುವುದು ಸೂಕ್ತ.

9. ಮಾಡಬಾರದ ಕೆಲಸ

ದಾಖಲೆ ಸಂಸ್ಥೆಯಲ್ಲಿದೆ ಎಂದು ತಿಳಿದಿದ್ದರೂ “ಕಳೆದುಹೋಗಿದೆ” ಎಂದು ಪೊಲೀಸರಿಗೆ ವರದಿ ನೀಡಿ ಅಥವಾ ಪ್ರಮಾಣಪತ್ರ ಸಲ್ಲಿಸಿ ನಕಲು ಅಂಕಪಟ್ಟಿ ಪಡೆಯಬಾರದು. ಸುಳ್ಳು ಪ್ರಮಾಣಪತ್ರ ಸಲ್ಲಿಸುವುದು ಅಪರಾಧವಾಗಿದ್ದು, ಮೂಲ ದಾಖಲೆ ಸಂಸ್ಥೆಯ ಬಳಿಯೇ ಇರುವುದರಿಂದ ಅದು ಬೆಳಕಿಗೆ ಬರುವುದೂ ಸುಲಭ. ನ್ಯಾಯ ತಮ್ಮ ಕಡೆ ಇದ್ದವರು ಇದರಿಂದ ತಾವೇ ಆರೋಪಿಗಳಾಗುವ ಸಂದರ್ಭ ಒದಗುತ್ತದೆ.

ಬದಲಾಗಿ, ಡಿಜಿಲಾಕರ್‌ನಲ್ಲಿ ಪರೀಕ್ಷಾ ಮಂಡಳಿ ಅಥವಾ ವಿಶ್ವವಿದ್ಯಾಲಯವೇ ನೀಡಿರುವ ದಾಖಲೆಗಳನ್ನು ಪಡೆಯಬಹುದು. 2016ರ ಡಿಜಿಟಲ್ ಲಾಕರ್ ನಿಯಮಗಳಿಗೆ 2017ರಲ್ಲಿ ಸೇರಿಸಲಾದ 9ಎ ನಿಯಮದಂತೆ ಇವು ಮೂಲ ಭೌತಿಕ ದಾಖಲೆಗಳಿಗೆ ಸಮಾನ. ನೌಕರರೇ ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಗಳಿಗೆ ಈ ಮಾನ್ಯತೆ ಇಲ್ಲ. ಹೊಸ ಸಂಸ್ಥೆಗೆ ಅಥವಾ ನೇಮಕಾತಿ ಪ್ರಾಧಿಕಾರಕ್ಕೆ ಬೇಡಿಕೆ ಪತ್ರದ ಪ್ರತಿಯನ್ನು ತೋರಿಸಿ, ಮೂಲ ದಾಖಲೆ ಸಲ್ಲಿಸಲು ಲಿಖಿತವಾಗಿ ಕಾಲಾವಕಾಶ ಕೋರಬಹುದು.

10. ಕೆಲಸಕ್ಕೆ ಸೇರುವ ಮುನ್ನ

ಮೂಲ ದಾಖಲೆಗಳನ್ನು ಪರಿಶೀಲನೆಗೆ ತೋರಿಸಿ ಅಂದೇ ಹಿಂದಕ್ಕೆ ಪಡೆಯಬೇಕು. ದೃಢೀಕರಿಸಿದ ನಕಲುಗಳನ್ನು ಮಾತ್ರ ಕೊಡಬೇಕು. ಒಪ್ಪಿಸಲೇಬೇಕಾದ ಸಂದರ್ಭ ಬಂದಲ್ಲಿ ದಾಖಲೆಗಳ ಪಟ್ಟಿ, ಉದ್ದೇಶ ಮತ್ತು ಹಿಂದಿರುಗಿಸುವ ದಿನಾಂಕ ನಮೂದಿಸಿದ, ಮೊಹರು ಮತ್ತು ಸಹಿಯುಳ್ಳ ಸ್ವೀಕೃತಿ ಪಡೆಯಬೇಕು. ಬಾಂಡ್‌ನ ಎಲ್ಲ ಪುಟಗಳನ್ನು ಓದಿ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಖಾಲಿ ಕಾಗದ ಅಥವಾ ಖಾಲಿ ಚೆಕ್ಕಿಗೆ ಸಹಿ ಮಾಡಬಾರದು. ನೇಮಕಾತಿ ಪತ್ರವನ್ನು ಕೇಳಿ ಪಡೆಯುವುದು ನೌಕರರ ಹಕ್ಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದಾಖಲೆ ಒಪ್ಪಿಸಿದ್ದಕ್ಕೆ ರಸೀದಿ ಇಲ್ಲ. ಏನು ಮಾಡಬೇಕು?
ಉತ್ತರ: “ನಾನು ಒಪ್ಪಿಸಿರುವ ಈ ದಾಖಲೆಗಳನ್ನು ಯಾವಾಗ ಹಿಂದಿರುಗಿಸುವಿರಿ” ಎಂದು ಇ-ಮೇಲ್ ಮೂಲಕ ಕೇಳಬೇಕು. ಬಂದ ಉತ್ತರವೇ ಪುರಾವೆಯಾಗುತ್ತದೆ. ನೇಮಕಾತಿ ಸಮಯದ ಸಂದೇಶಗಳು, ಜೊತೆಯಲ್ಲಿ ಸೇರಿದವರ ಹೇಳಿಕೆಗಳು ಸಹ ನೆರವಾಗುತ್ತವೆ.

ಪ್ರಶ್ನೆ: ಹಣ ಕೊಟ್ಟು ದಾಖಲೆ ಬಿಡಿಸಿಕೊಳ್ಳುವುದು ತಪ್ಪೇ?
ಉತ್ತರ: ತಪ್ಪಲ್ಲ. ತುರ್ತು ಇದ್ದಲ್ಲಿ ಬ್ಯಾಂಕ್ ಮೂಲಕ ಪಾವತಿಸಿ, “ಆಕ್ಷೇಪಣೆಯೊಂದಿಗೆ ಪಾವತಿಸಲಾಗಿದೆ” ಎಂದು ಲಿಖಿತವಾಗಿ ತಿಳಿಸಬೇಕು. ಮುಂದೆ ಹಣವನ್ನು ಪ್ರಶ್ನಿಸಲು ಇದು ಅಗತ್ಯ. ನಗದಾಗಿ, ರಸೀದಿಯಿಲ್ಲದೆ ಕೊಡಬಾರದು.

ಪ್ರಶ್ನೆ: ಇನ್ನೂ ಕೆಲಸದಲ್ಲಿರುವಾಗಲೇ ದಾಖಲೆ ಕೇಳಬಹುದೇ?
ಉತ್ತರ: ಕೇಳಬಹುದು. ರಾಜೀನಾಮೆ ನೀಡುವ ಮುನ್ನವೇ ಕೇಳಿ ಪಡೆದಲ್ಲಿ ನಂತರದ ತೊಂದರೆ ತಪ್ಪುತ್ತದೆ.

ಪ್ರಶ್ನೆ: ಬಿಡುಗಡೆ ಪತ್ರವನ್ನೂ ತಡೆಹಿಡಿದಿದ್ದಾರೆ. ಅದಕ್ಕೂ ಇದೇ ಕ್ರಮವೇ?
ಉತ್ತರ: ಬಿಡುಗಡೆ ಪತ್ರ ಸಂಸ್ಥೆಯೇ ಸಿದ್ಧಪಡಿಸಿ ನೀಡುವ ಪತ್ರ, ನೌಕರರು ಒಪ್ಪಿಸಿದ ದಾಖಲೆಯಲ್ಲ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಬಹುದಾದರೂ, ಪ್ರತ್ಯೇಕ ಕಂಡಿಕೆಗಳಲ್ಲಿ ಬರೆಯಬೇಕು. ರಾಜೀನಾಮೆ ಅಂಗೀಕಾರದ ಇ-ಮೇಲ್, ವೇತನ ಚೀಟಿ ಮತ್ತು ಭವಿಷ್ಯ ನಿಧಿ ಪಾಸ್‌ಬುಕ್ ಸೇವೆಗೆ ಪುರಾವೆಯಾಗಬಲ್ಲವು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಂದು ಪ್ರಕರಣದ ಸಂಗತಿಗಳು ಬೇರೆ ಬೇರೆಯಾಗಿರುವುದರಿಂದ, ಕ್ರಮ ಕೈಗೊಳ್ಳುವ ಮುನ್ನ ಬಾಂಡ್‌ನ ಪ್ರತಿಯೊಂದಿಗೆ ಕಾನೂನು ಸೇವೆಗಳ ಸಮಿತಿಯ ವಕೀಲರನ್ನು ಕಂಡು ಸಲಹೆ ಪಡೆಯತಕ್ಕದ್ದು.